ಕರಿಬಸನ ಕುತ್ತಿಗೆಯ ಬೆಸುಗೆ

ಗಡಿಗೆಗಳು ಆಕಳಿಸುತ್ತಿದ್ದ, ಒಲೆಗಳು ಮುನಿಸಿಕೊಳ್ಳುತ್ತಿದ್ದ ಕಾಲವೊಂದಿತ್ತು. ಆ ಕಾಲದಲ್ಲಿ ಕೆಮ್ಮಣ್ಣು ಎಂಬ ರಾಜ್ಯ. ಅಲ್ಲಿ ಹೊಗೆಮಲ್ಲನೆಂಬ ಮಾಂತ್ರಿಕ. ತನಗೆ ಕೈಮುಗಿಯದವರನ್ನೆಲ್ಲ ಮಣ್ಣಿನ ಗೊಂಬೆ ಮಾಡಿ ಅರಮನೆಯ ಅಂಗಳದಲ್ಲಿ ನಿಲ್ಲಿಸುತ್ತಿದ್ದ. ರಾಜನೂ ಅಲ್ಲೇ ನಿಂತಿದ್ದ, ಮೂಗಿನ ಮೇಲೆ ಗುಬ್ಬಿ ಕೂರಿಸಿಕೊಂಡು.

ಕುಂಬಾರ ಕರಿಬಸ ಕೈಮುಗಿಯುವ ಬದಲು ಹೊಗೆಮಲ್ಲನನ್ನು ನೋಡಿ ನಕ್ಕುಬಿಟ್ಟ. ಹೊಗೆಮಲ್ಲ ಅವನನ್ನೂ ಗೊಂಬೆ ಮಾಡಿ, ಕುತ್ತಿಗೆಯಲ್ಲಿ ಎರಡು ತುಂಡಾಗಿ ಒಡೆದು, ಹೆಂಡತಿ ಗುಂಡವ್ವನ ಮುಂದೆ ಎಸೆದ.

“ಕೂಡಿಸಿ ಆವಿಗ್ಯಾಗ ಸುಡು. ಇಡಿಯಾಗಿ ಹೊರಗ ಬಂದ್ರ ನಿನ್ನ ಗಂಡ ಏಳ್ತಾನ, ಇವರೆಲ್ಲಾ ಏಳ್ತಾರ. ಮೂರೇ ಸಲ ನೋಡು. ಆಮ್ಯಾಲ ಅಂವ ಬರೇ ಒಡಕ ಬೋಕಿ!”

ಗುಂಡವ್ವ ಅಳುತ್ತ ಕೂರುವವಳಲ್ಲ. ಮೊದಲು ಅರಗು ತಂದು ಅಂಟಿಸಿ, ಗಡಿಗೆ ಸುಡುವ ಆವಿಗೆಯಲ್ಲಿಟ್ಟಳು. ಬೆಂಕಿ ಹತ್ತಿದ್ದೇ ತಡ, ಅರಗು ಕರಗಿ ತಲೆ ಉರುಳಿತು. ಎರಡನೆಯ ಸಲ ಹಸಿ ಜೇಡಿಮಣ್ಣು ಮೆತ್ತಿದಳು. ಕುಂಬಾರರ ಮಗಳಿಗೆ ಬೇರೇನು ಹೊಳೆದೀತು! ಹಸಿಮಣ್ಣು ಬೆಂದು, ಕುಗ್ಗಿ, ಬಿರುಕು ಬಿಟ್ಟಿತು. ತಲೆ ಮತ್ತೆ ಉರುಳಿತು.

ಹೊಗೆಮಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕ. ಗುಂಡವ್ವ ಆ ಬಿರುಕನ್ನೇ ನೋಡುತ್ತ ಕೂತಳು. ಹಸಿಮಣ್ಣು ಕುಗ್ಗುತ್ತದೆ, ಒಮ್ಮೆ ಬೆಂದದ್ದು ಮತ್ತೆ ಕುಗ್ಗುವುದಿಲ್ಲ. ಹಾಗಾದರೆ ಬೆಸುಗೆಯಲ್ಲಿ ಬೆಂದ ಮಣ್ಣೇ ಹೆಚ್ಚಿರಬೇಕು, ಅದೂ ಕರಿಬಸನ ಕೈಯಲ್ಲಿ ಹದವಾದದ್ದು. ಮನೆಯಲ್ಲಿ ಅಂಥದ್ದು ಉಳಿದಿದ್ದು ಒಂದೇ. ಅವರ ಮದುವೆಯಲ್ಲಿ ಪೂಜೆಗೊಂಡ, ಸುಣ್ಣದ ಚಿತ್ತಾರದ ಐರಣಿ ಗಡಿಗೆ. ಅದನ್ನು ಒಡೆದರೆ ಮುತ್ತೈದೆತನಕ್ಕೇ ಕೇಡು ಎಂದು ಓಣಿಯ ಹೆಂಗಸರು ಬಾಯಿ ಬಡಿದುಕೊಂಡರು.

“ಗಂಡನೇ ಎರಡ ತುಂಡಾಗಿ ಬಿದ್ದಾನ, ಇನ್ನೆಂಥಾ ಕೇಡವ್ವಾ?” ಎಂದು ಗುಂಡವ್ವ ಒನಕೆ ಎತ್ತಿದಳು. ಐರಣಿಯನ್ನು ಕುಟ್ಟಿ ಪುಡಿ ಮಾಡಿದಳು.

ಬಟ್ಟೆಯಲ್ಲಿ ಜರಡಿ ಹಿಡಿದು, ಚೂರು ಹಸಿಮಣ್ಣು, ಚಿಟಿಕೆ ಬೂದಿ ಸೇರಿಸಿ, ಬೆಣ್ಣೆಯ ಹದಕ್ಕೆ ಕಲಸಿ ಹಚ್ಚಿದಳು. ಮೂರು ದಿನ ನೆರಳಲ್ಲೇ ಒಣಗಿಸಿದಳು. ಎಂಥ ತಾಳ್ಮೆ, ಎಂಥ ಬೆರಳು!

ಮೂರನೆಯ ಬೆಂಕಿ ಹತ್ತಿತು. ಈ ಸಲ ತಲೆ ಉರುಳಲಿಲ್ಲ. ಹೊಗೆಮಲ್ಲ ಬೆಸುಗೆ ಸಿಡಿಯಲೆಂದು ಓಡಿಬಂದ. ತನ್ನ ಉಸಿರನ್ನೆಲ್ಲ ಊದಿ ಬೆಂಕಿಯನ್ನು ಏಳು ಪಟ್ಟು ಮಾಡಿದ. ಪಾಪ, ಮಣ್ಣಿನ ಗುಣ ಅವನಿಗೇನು ಗೊತ್ತು! ಉರಿ ಹೆಚ್ಚಿದಷ್ಟೂ ಬೆಸುಗೆ ಕಲ್ಲಾಯಿತು. ಊದಿ ಊದಿ ಅವನೇ ಹೊಗೆಯಾಗಿ ಹಾರಿಹೋದ.

ಬೂದಿ ಕೊಡವಿಕೊಂಡು ಕರಿಬಸ ಎದ್ದುಬಂದ. ಅಂಗಳದ ಗೊಂಬೆಗಳೆಲ್ಲ ಮೈಮುರಿದವು. ರಾಜ ಮೊದಲು ಗುಬ್ಬಿಯನ್ನು ಓಡಿಸಿ, ಆಮೇಲೆ ಗುಂಡವ್ವನಿಗೆ ಕೈಮುಗಿದ.

ಮನೆಗೆ ಬಂದ ಕರಿಬಸ ಬರಿದಾದ ಮೂಲೆ ನೋಡಿ ಬೆಚ್ಚಿದ.

“ನಮ್ಮ ಐರಣಿ ಎಲ್ಲೈತಿ?”

ಗುಂಡವ್ವ ಅವನ ಕೊರಳ ಸುತ್ತಲಿನ ಕೆಂಪು ಗೆರೆಯನ್ನು ಸವರಿದಳು.

“ನಿಮ್ಮ ಕುತ್ತಿಗ್ಯಾಗ ಐತ್ರಿ.”

ಇಬ್ಬರೂ ತಲೆ ನರೆಯುವವರೆಗೂ ಸುಖವಾಗಿ ಬಾಳಿದರು. ಆ ಬೆಸುಗೆ ಕಡೆತನಕ ಬಿರಿಯಲಿಲ್ಲ.