ಹೆಸರಿಗೆ ಬಿಟ್ಟ ಜಾಗ

ಮಂಗಳವಾರ ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷಕ್ಕೆ, ಬಿಷ್ಕೆಕ್‌ನ ನೆಲಮಾಳಿಗೆಯ ಸ್ಟುಡಿಯೋ ಒಂದರಲ್ಲಿ, ಬುರುಲ್ ಏಳನೇ ತುಣುಕನ್ನು ಹಚ್ಚಿದಳು. ಅದರ ಮೇಲೆ ಮಾತು ಕೂರಿಸಬೇಡವೆಂದು ಸಬೀರಾ ಹೇಳಿ ಹತ್ತು ನಿಮಿಷವೂ ಆಗಿರಲಿಲ್ಲ.

ಬುರುಲ್ ಮಾಸ್ಕೋದಲ್ಲಿ ಆರು ವರ್ಷ ಧ್ವನಿ ಸಂಕಲನ ಮಾಡಿ ಬಂದವಳು. ಇಲ್ಲಿ ಸೇರಿ ಮೂರು ವಾರ. ಪತ್ತೇದಾರಿ ಧಾರಾವಾಹಿಯೊಂದರ ಭಯದ ದೃಶ್ಯಕ್ಕಾಗಿ ಸಿಂಥಸೈಜರಿನಲ್ಲಿ ಮಾಡಿದ ಹನ್ನೊಂದು ಸಂಗೀತದ ತುಣುಕುಗಳನ್ನು ಕೇಳಿ ಅಂಕ ಕೊಡುವುದು ಅಂದಿನ ಕೆಲಸ. ಬಿಗಿ ಎಷ್ಟಿದೆ, ಎಲ್ಲಿ ಕತ್ತರಿಸಬಹುದು, ನಟರ ಮಾತಿಗೆ ಜಾಗ ಬಿಟ್ಟಿದೆಯೇ. ಕೊನೆಯದನ್ನು ತಿಳಿಯಲು ಸಂಗೀತದ ಮೇಲೆ ಮಾತು ಕೂರಿಸಿ ನೋಡಲೇಬೇಕು.

ಆ ಸ್ಟುಡಿಯೋದಲ್ಲೇ ಇಪ್ಪತ್ತು ವರ್ಷದಿಂದ ಧ್ವನಿಮುದ್ರಣ ಮಾಡುತ್ತಿದ್ದ ಸಬೀರಾಳ ತಕರಾರು ಅದಕ್ಕೇ ಇತ್ತು. ಏಳನೆಯದನ್ನು ಮಾಡಿದ ಸಂಗೀತಗಾರ ತೊಲೊಮುಶ್ ಸಿಂಥ್ ಸದ್ದಿನಡಿ ಒಬ್ಬ ಮುದುಕಿಯ ಕೊಶೋಕ್ ಹುದುಗಿಸಿದ್ದ. ಸತ್ತವರ ಹೆಸರು ಹಿಡಿದು ಹಾಡುವ ಅಳು ಅದು. ಸಾವಿಲ್ಲದ ಮನೆಯಲ್ಲಿ ಯಾರೂ ಬಾಯಿಗೆ ತರುವುದಿಲ್ಲ. ಅವನು ಪೀಡಿಸಿ ಹಾಡಿಸಿದ್ದ. ಹೆಸರು ಬರುವಲ್ಲೆಲ್ಲ ಮುದುಕಿ ಬಾಯಿ ಮುಚ್ಚಿಕೊಂಡಿದ್ದಳು. ಆ ಖಾಲಿ ಜಾಗಕ್ಕೆ ಹೆಸರು ಬೇಕು ಎಂದಳು ಸಬೀರಾ. ತನ್ನದೇ ಹೆಸರು ಹೇಳಿ ನೋಡಿದ ತೊಲೊಮುಶ್ ಆ ವಾರವೇ ಸತ್ತಿದ್ದ.

“ಕುಡಿದು ಸತ್ತಿರ್ತಾನೆ ಅಕ್ಕಾ.”

“ಕುಡೀತಿದ್ದ, ನಿಜ. ಸುಮ್ನೆ ಕೇಳು, ಬೇಡ ಅನ್ನಲ್ಲ. ಮೇಲೆ ಮಾತು ಕೂರಿಸಬೇಡ, ತಂಗಿ.”

“ಹಾಗಾದ್ರೆ ನನ್ ಹೆಸರೇ ಕೂರಿಸ್ತೀನಿ. ಸತ್ರೆ, ಸಂಗೀತ ಪರವಾಗಿಲ್ಲ ಅಂತ ಬರ್ಕೋ.”

ಸಬೀರಾ ನಗಲಿಲ್ಲ. ಚಹಾ ಬಟ್ಟಲು ಎತ್ತಿಕೊಂಡು ಹೊರಗೆ ಹೋದಳು.

ಕಿಟಕಿಯಿಲ್ಲದ ಕೋಣೆ. ಗೋಡೆ ತುಂಬ ಕಪ್ಪು ಸ್ಪಂಜು. ಗಾಳಿಕಿಂಡಿಯಿಂದ ಬೀದಿಯ ಕಲ್ಲಿದ್ದಲ ಹೊಗೆ ಇಳಿಯುತ್ತಿತ್ತು. ಬುರುಲ್ ದೀಪ ಆರಿಸಿದಳು. ಇಂಥ ಸಂಗೀತವನ್ನು ಅವಳು ಕತ್ತಲಲ್ಲೇ ಕೇಳುವುದು. ಮೊದಲು ತಳದಿಂದ ಒಂದು ಸದ್ದು, ಕಿವಿಗಿಂತ ಮುಂಚೆ ಹಲ್ಲಿಗೆ ತಿಳಿಯುವಂಥದ್ದು. ಅದರ ಮೇಲೆ ಒದ್ದೆ ಉಣ್ಣೆ ಎಳೆದಂತೆ ಇನ್ನೊಂದು. ಆಳದಲ್ಲೆಲ್ಲೋ ಮುದುಕಿ. ನಲವತ್ತೊಂದನೇ ಸೆಕೆಂಡಿಗೆ ಮೊದಲ ಖಾಲಿ ಬಂತು, ಒಂದೂವರೆ ಸೆಕೆಂಡಿನದು. ಕೆಲಸ ಬಲ್ಲವನು, ಎಂದುಕೊಂಡಳು. ಮೈಕ್ ಎಳೆದುಕೊಂಡು ಎರಡನೇ ಖಾಲಿಗೆ ಸರಿಯಾಗಿ ತನ್ನ ಹೆಸರು ಹೇಳಿದಳು.

ಅಳತೆ ಕೊಟ್ಟು ಹೊಲಿಸಿದಂತೆ ಕೂತಿತು. ಮಾತಿಗೆ ಜಾಗ: ಹತ್ತಕ್ಕೆ ಒಂಬತ್ತು.

ಮೂರನೇ ಖಾಲಿಯಲ್ಲಿ ಅವಳು ಸುಮ್ಮನಿದ್ದಳು. ಮುದುಕಿ ಹೇಳಿದಳು: “ಬುರುಲ್.”

ಬುರುಲ್‌ಳ ಎದೆಬಡಿತ ನಿಂತಿತು. ಒಂದೂವರೆ ಸೆಕೆಂಡು. ಮತ್ತೆ ಹೊಡೆಯಿತು.

ತನ್ನ ಧ್ವನಿಯನ್ನು ಅಳಿಸಿದಳು. ತುಣುಕನ್ನೇ ನಿಲ್ಲಿಸಿದಳು. ಪರದೆಯ ಗೆರೆ ನಿಂತಿತು. ಸದ್ದು ನಿಲ್ಲಲಿಲ್ಲ. ಹೆಡ್‌ಫೋನ್ ಕಿತ್ತು ಎಸೆದಳು. ಸದ್ದು ಗೋಡೆಯಲ್ಲಿತ್ತು. ಹೊಗೆಯ ವಾಸನೆ ಹೋಗಿ ಆಗತಾನೆ ತೋಡಿದ ಮಣ್ಣಿನ ವಾಸನೆ ಬಂತು. ನಾಲ್ಕನೇ ಖಾಲಿ. ಎದೆ ಎರಡು ಸೆಕೆಂಡು ನಿಂತಿತು. ಐದನೆಯದು. ಮೂರು ಸೆಕೆಂಡು.

ಫೋನ್ ಹೊಳೆಯಿತು. ಎತ್ತಿದಳು; ಅವಳ ಊರು ನರಿನ್‌ನಿಂದ ಅಮ್ಮ.

“ಪಕ್ಕದ ಮನೆ ಹೆಂಗಸರು ಬಂದು ಸಾವಿನ ಮನೇಲಿ ಕೂರೋ ಹಾಗೆ ಗೋಡೆ ಕಡೆ ಮುಖ ಮಾಡ್ಕೊಂಡು ಕೂತಿದಾರೆ ಮಗಳೇ. ನೀನು ಹೋದೆ ಅಂತ ಅಳ್ತಿದಾರೆ. ಯಾರು ಹೇಳಿದ್ದು ಅಂದ್ರೆ, ಕೇಳಿಸ್ತು ಅಂತಾರೆ. ನೀನು ಎಲ್ಲಿದೀಯ?”

ಫೋನ್ ಕೈಯಿಂದ ಜಾರಿತು. ಬುರುಲ್ ನೆಲಕ್ಕೆ ಕುಸಿದಳು. ಬಾಗಿಲು ತೆರೆಯಿತು. ಬೆಳಕಿನಲ್ಲಿ ಸಬೀರಾ ನಿಂತಿದ್ದಳು.

“ಹೇಳಿಬಿಟ್ಯಾ?”

ಬುರುಲ್ ಹೌದೆಂದು ತಲೆಯಾಡಿಸಿದಳು.

“ಇನ್ನೊಬ್ಬರ ಹೆಸರು ಹೇಳಿದ್ರೆ ಅದು ನಿನ್ನ ಬಿಟ್ಟು ಅವರನ್ನ ಹಿಡಿಯುತ್ತೆ. ತೊಲೊಮುಶ್‌ಗೂ ಗೊತ್ತಿತ್ತು, ಹೇಳ್ಲಿಲ್ಲ. ನೀನೂ ಹೇಳಬೇಡ. ಮುದುಕಿ ಇನ್ನೂ ಬದುಕಿದಾಳೆ, ಬಿಡಿಸೋಕೆ ಕರ್ಕೊಂಡ್ ಬರ್ತೀನಿ. ತಡ್ಕೋ.”

ಆರನೇ ಖಾಲಿ. ಎದೆ ನಿಂತಿತು. ನಾಲ್ಕು ಸೆಕೆಂಡು. ಐದು. ಕಣ್ಣ ಅಂಚು ಕಪ್ಪಾಯಿತು. ಆರು. ಕೈಗೆ ಮೈಕ್ ಸಿಕ್ಕಿತು. ಎದುರಿಗೆ ಒಂದೇ ಮುಖ. ಬಾಯಿಗೆ ಒಂದೇ ಹೆಸರು.

“ಸಬೀರಾ.”

ಎದೆ ಹೊಡೆಯಿತು. ಸದ್ದು ನಿಂತಿತು.

ಸಬೀರಾ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು. ಬೈಯಲಿಲ್ಲ. ಮಕ್ಕಳಿಗೆ ಹೇಳುವುದಿದೆ ಎಂದಷ್ಟೇ ಹೇಳಿ ಕೋಟು ಹಾಕಿಕೊಂಡು ಮೆಟ್ಟಿಲು ಹತ್ತಿದಳು.

ಶನಿವಾರ ಬೆಳಿಗ್ಗೆ ಸಬೀರಾಳ ಮನೆಯಂಗಳದಲ್ಲಿ ಹೆಣ ಇಡುವ ಸಾವಿನ ಗುಡಾರ ಎದ್ದಿತು. ಸ್ಟುಡಿಯೋದವರೆಲ್ಲ ಹೋದರು. ಬುರುಲ್ ಹೋಗಲಿಲ್ಲ.