ಬಲರೆಕ್ಕೆಯ ಮೇಲೊಂದು ಹೊಳಪು

ಬೆಳಗ್ಗೆ ಏಳೂವರೆಗೆ ಅತ್ತಿಗೆ ಕಾಫಿ ಲೋಟ ಹಿಡಿದು ಹಿತ್ತಲ ಕೋಣೆಗೆ ಹೋದರು. ಬಾಗಿಲಿಗೆ ಚಿಲಕವಿರಲಿಲ್ಲ, ಬರೀ ಮುಂದಕ್ಕೆಳೆದಿತ್ತು. ಮೇಜಿನ ದೀಪ ಉರಿಯುತ್ತಲೇ ಇತ್ತು. ಮೈದುನ ನೆಲದ ಮೇಲೆ ಅಂಗಾತ ಬಿದ್ದಿದ್ದ. ತಲೆಯ ಹಿಂದೆ, ಕಬ್ಬಿಣದ ಮೇಜಿನ ಮೂಲೆಯ ಕೆಳಗೆ, ರಕ್ತ ಒಣಗಿ ಕಪ್ಪಾಗಿತ್ತು.

ಕಾಫಿ ಚೆಲ್ಲಲಿಲ್ಲ. ಲೋಟವನ್ನು ಜೋಪಾನವಾಗಿ ಕಿಟಕಿಯಲ್ಲಿಟ್ಟು, ಆಮೇಲೆ ಕೂಗಿಕೊಂಡರು.

ಇನ್ಸ್‌ಪೆಕ್ಟರ್ ಬಂದಾಗ ಎಂಟೂಕಾಲು. ನಲವತ್ತು ದಾಟಿದ ಹೆಂಗಸು. ಹೊಸದಾಗಿ ಚಾಳೀಸು ಬಂದಿತ್ತು; ಕನ್ನಡಕ ಮಾತ್ರ ಸದಾ ಜೀಪಿನಲ್ಲೇ ಉಳಿಯುತ್ತಿತ್ತು. ಹಿಂದೆಯೇ ದಫೇದಾರ. ಕೆಲಸದಲ್ಲಿ ಪಳಗಿದವನು, ಮಾತಿನಲ್ಲಿ ಇನ್ನೂ ಪಳಗಿದವನು.

"ಜಾರಿ ಬಿದ್ದಿದ್ದಾನೆ ಮೇಡಂ. ನೋಡಿ, ನೆಲದ ಮೇಲೆ ಏನೋ ಚೆಲ್ಲಿದೆ. ಸ್ಟೂಲ್ ಉರುಳಿದೆ. ಕಥೆ ಮುಗೀತು."

"ಇಷ್ಟು ಬೇಗ ಮುಗಿಸಬೇಡ ಮಾರಾಯ. ನಾನಿನ್ನೂ ಒಳಗೇ ಬಂದಿಲ್ಲ."

ಚಿಕ್ಕ ಕೋಣೆ. ಗೋಡೆಗೆಲ್ಲ ಗಾಜಿನ ಕಪಾಟು. ಒಳಗೆ ಕೈಯಲ್ಲಿ ಜೋಡಿಸಿದ ಮಾದರಿ ವಿಮಾನಗಳು, ಎಲ್ಲ ಅಂಗೈಯಗಲದವು. ಕೆಳಗಿನ ಅರೆಯಲ್ಲಿ ಅವುಗಳ ಬಿಡಿಭಾಗ ಬಂದಿದ್ದ ಖಾಲಿ ರಟ್ಟಿನ ಡಬ್ಬಿಗಳು. ಒಂದೊಂದರ ಮೇಲೂ ಒಂದೇ ಕೈಬರಹ: "ಚಿಕ್ಕನಿಗೆ, ಗೆಳೆಯ." ಕೆಳಗೊಂದು ಸಹಿ. ಬಾಲ ಗಾಳದಂತೆ ಬಾಗಿದ ಸಹಿ.

ಮೇಜಿನ ನಡುವೆ ಒಂದು ವಿಮಾನ ಬೇರೆಯೇ ನಿಂತಿತ್ತು. ಒಂದೇ ಎಂಜಿನ್ನಿನ ಟಪಾಲು ವಿಮಾನ. ಬಿಳಿ ಮೈ, ಬಾಲಕ್ಕೆ ನೀಲಿ ಪಟ್ಟಿ. ಮೂಗಿನ ಹತ್ತಿರ ಬಣ್ಣ ಸವೆದಿತ್ತು, ಚಕ್ರಕ್ಕೆ ಕೆಸರು ಮೆತ್ತಿತ್ತು. ಅದು ಸವೆದದ್ದಲ್ಲ, ಮೆತ್ತಿದ್ದಲ್ಲ. ಹಾಗೆ ಕಾಣುವಂತೆ ಯಾರೋ ಕೂತು ಬರೆದದ್ದು ಎಂದು ತಿಳಿಯುವಷ್ಟರಲ್ಲಿ ಇನ್ಸ್‌ಪೆಕ್ಟರ್ ಉಸಿರು ಬಿಗಿಹಿಡಿದಿದ್ದಳು.

"ಇದಕ್ಕೆ ಎರಡು ವರ್ಷ ತಗೊಂಡ." ಬಾಗಿಲಲ್ಲಿ ಅತ್ತಿಗೆ ನಿಂತಿದ್ದರು. "ನಮ್ಮೆಜಮಾನರು ಓಡಿಸ್ತಿದ್ದ ವಿಮಾನ."

* * *

ಅತ್ತಿಗೆಗೆ ಐವತ್ತಾರು. ಸಂಜೆ ಹೊಲಿಗೆ ಕಲಿಸುತ್ತಿದ್ದರು. ಮೈದುನ ಕಟ್ಟುಹಲ್ಲು ಮಾಡುವವನು. ಊರಿನ ಅರ್ಧ ಜನರ ನಗು ಅವನದೇ ಕೈಕೆಲಸ. ಅಣ್ಣ ಅವನನ್ನು ಚಿಕ್ಕ ಎಂದು ಕರೆಯುತ್ತಿದ್ದ. ಐವತ್ತೆರಡಾದರೂ ಎಲ್ಲರಿಗೂ ಅವನು ಚಿಕ್ಕನೇ.

"ಇಪ್ಪತ್ತಾರು ವರ್ಷದ ಹಿಂದೆ. ಟಪಾಲು ತಗೊಂಡು ಹೊರಟ್ರು. ಸಮುದ್ರದ ಮೇಲೆ ಪೆಟ್ರೋಲ್ ಮುಗೀತು ಅಂತ ರೇಡಿಯೋದಲ್ಲಿ ಹೇಳಿದ್ರಂತೆ. ಅಷ್ಟೇ. ವಿಮಾನ ಸಿಗಲಿಲ್ಲ. ಅವರೂ ಸಿಗಲಿಲ್ಲ." ಅತ್ತಿಗೆ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿದರು. "ವಿಚಾರಣೆಯವರು ಟ್ಯಾಂಕ್ ತುಂಬಿಸದೇ ಹಾರಿದ್ರು ಅಂತ ಬರೆದ್ರು. ಪೈಲಟ್ಟಿನದೇ ತಪ್ಪು ಅಂತ."

"ನಿನ್ನೆ ಸಂಜೆ ಯಾರು ಬಂದಿದ್ರು?"

"ಗೊತ್ತಿಲ್ಲ. ನಾನು ಹೊಲಿಗೆ ಪಾಠ ಮುಗಿಸಿ ಎಂಟಕ್ಕೆ ಬಂದೆ. ಕೋಣೇಲಿ ದೀಪ ಇತ್ತು. ಕೆಲಸ ಮಾಡುವಾಗ ಕರೆದ್ರೆ ಅವನಿಗೆ ಆಗಲ್ಲ. ಕರೀಲಿಲ್ಲ. ಕರೀಬೇಕಿತ್ತು."

"ಜಗಳ ಯಾರ ಜತೆಗಾದ್ರೂ?"

"ಹೋಟೆಲ್ ಮಾಲೀಕರೊಬ್ಬರು ಮೊನ್ನೆ ಬಂದು ಕೂಗಾಡಿದ್ರು. ಈ ವಿಮಾನ ಬೇಕೇ ಬೇಕು ಅಂತ. ಅವರನ್ನ ಬಿಟ್ರೆ ಅವನಿಗೆ ಇದ್ದದ್ದು ಒಬ್ಬನೇ ಗೆಳೆಯ, ಬಿಡಿಭಾಗದ ಡಬ್ಬಿ ಮಾರೋ ಅಂಗಡಿಯವರು. ಪ್ರತಿ ಭಾನುವಾರ ನಮ್ಮಲ್ಲೇ ಊಟ. ಒಂದು ತಿಂಗಳಿಂದ ಅವರೂ ಬಂದಿಲ್ಲ. ಕಾಲುನೋವಂತೆ."

ಇನ್ಸ್‌ಪೆಕ್ಟರ್ ಮತ್ತೆ ಮೇಜಿನ ಮುಂದೆ ಕೂತಳು. ಕನ್ನಡಕ ಜೀಪಿನಲ್ಲಿತ್ತು. ಚಿಕ್ಕನ ದೊಡ್ಡ ಭೂತಗನ್ನಡಿಯನ್ನೇ ಎಳೆದುಕೊಂಡಳು. ಎದುರಿನ ಹಲಗೆಗೆ ಎರಡು ಕ್ಲಿಪ್ ಸಿಕ್ಕಿಸಿತ್ತು. ಕ್ಲಿಪ್ಪಿನಲ್ಲಿ ಏನೂ ಇಲ್ಲ.

"ಇಲ್ಲೇನಿತ್ತು?"

"ಫೋಟೋ. ಹೋದ ತಿಂಗಳು ಪೇಪರಿಗೆ ಹಾಕಿಸಿದ್ದ. ಆ ವಿಮಾನದ ಚಿತ್ರ ಯಾರ ಹತ್ರ ಇದ್ರೂ ಕಳಿಸಿ ಅಂತ. ಎರಡು ವಾರದ ಹಿಂದೆ ಒಬ್ಬ ಟೀಚರಮ್ಮ ಕಳಿಸಿದ್ರು. ನಾನು ನೋಡಲಿಲ್ಲ. ನೋಡೋ ಧೈರ್ಯ ಬರಲಿಲ್ಲ."

ಭೂತಗನ್ನಡಿ ವಿಮಾನದ ಮೇಲೆ ನಿಧಾನವಾಗಿ ಜರುಗಿತು. ಮೈಯೆಲ್ಲ ಮಂಕು, ಬಿಸಿಲಲ್ಲಿ ನಿಂತು ಹಳತಾದ ಬಿಳಿ. ಬಲರೆಕ್ಕೆಯ ಮೇಲೆ ಒಂದೇ ಒಂದು ಕಡೆ, ಸಾಸಿವೆ ಕಾಳಿನಷ್ಟು ಜಾಗ, ಮಿಣ್ಣಗೆ ಹೊಳೆಯಿತು.

"ದಫೇದಾರ್, ನೆಲದ ಮೇಲೆ ಚೆಲ್ಲಿರೋದು ಏನು?"

ಅವನು ಬಗ್ಗಿ ಒಡೆದ ಸೀಸೆಯ ಚೀಟಿ ಓದಿದ. "ಹೊಳಪು ತೆಗೆಯೋ ವಾರ್ನಿಷ್ ಮೇಡಂ. ಕೊನೇಲಿ ಬಳಿಯೋದಂತೆ. ಅದರ ಮೇಲೆ ಬಿಳಿ ಬಣ್ಣದ ಒಂದು ಹನಿ ಬಿದ್ದಿದೆ."

"ಮೇಲಾ? ಕೆಳಗಾ?"

ದಫೇದಾರ ಉಗುರಿನಿಂದ ಕೆರೆದ. ತಲೆಯನ್ನೂ ಕೆರೆದುಕೊಂಡ. "ಮೇಲೇ."

ಮೇಜಿನ ಡಬ್ಬದಲ್ಲಿ ಮೂವತ್ತು ಕುಂಚಗಳು, ಎಲ್ಲ ಬರಿತಲೆಯಲ್ಲಿ ನಿಂತಿದ್ದವು. ಒಂದು ಮಾತ್ರ ಪಕ್ಕದಲ್ಲಿ ಅಡ್ಡ ಮಲಗಿತ್ತು. ಅದರ ತುದಿಗೆ ಪುಟ್ಟ ಪ್ಲಾಸ್ಟಿಕ್ ಟೋಪಿ.

* * *

ಹೋಟೆಲ್ ಮಾಲೀಕ ಕೂಗಾಡಿದ್ದು ಸುಳ್ಳಲ್ಲ. ಅವನ ಹೋಟೆಲಿನ ಹಜಾರದಲ್ಲಿ ಗಾಜಿನ ಪೆಟ್ಟಿಗೆಗಳು ಸಾಲಾಗಿದ್ದವು. ನಡುವಿನದೊಂದು ಖಾಲಿ.

"ಕೇಳಿದಷ್ಟು ಕೊಡ್ತೀನಿ ಅಂದೆ. ಮನುಷ್ಯ ಜಪ್ಪಯ್ಯ ಅಂದ್ರೂ ಒಪ್ಪಲಿಲ್ಲ. ನನಗೂ ಸಿಟ್ಟು ಬಂತು. ಅದರಲ್ಲೇನು ಮಹಾ, ಬಲರೆಕ್ಕೆ ಮುಚ್ಚಳಾನೇ ತಪ್ಪಾಗಿದೆ ಅಂತ ಅಂದುಬಿಟ್ಟೆ."

ಇನ್ಸ್‌ಪೆಕ್ಟರ್ ಬರೆಯುತ್ತಿದ್ದ ಕೈ ನಿಂತಿತು. "ಯಾವ ಮುಚ್ಚಳ?"

"ಪೆಟ್ರೋಲ್ ಹಾಕೋ ಬಾಯಿದು. ಕೂದಲಿನಂಥ ಸರಪಳಿಯಲ್ಲಿ ನೇತಾಡ್ತಿತ್ತು, ಬಾಯಿ ತೆರೆದೇ ಇತ್ತು. ಹಾರೋಕೆ ನಿಂತಿರೋ ವಿಮಾನಕ್ಕೆ ಯಾರಾದ್ರೂ ಹಾಗೆ ಮಾಡ್ತಾರಾ? ಅದನ್ನ ಮುಚ್ಚಿಕೊಡಿ ಅಂದೆ. 'ಫೋಟೋದಲ್ಲಿ ಹಾಗೇ ಇದೆ' ಅಂದ್ರು. ಅಂದವರೇ ಫೋಟೋದ ಕಡೆ ತಿರುಗಿ ಹಾಗೇ ನಿಂತುಬಿಟ್ರು. ನಾನು ಹೋಗಿದ್ದೂ ಅವರಿಗೆ ಗೊತ್ತಾಗಲಿಲ್ಲ ಅನ್ಸುತ್ತೆ."

"ವಿಮಾನದ ಮೈಗೆ ಹೊಳಪಿತ್ತಾ ಆಗ?"

"ಒಂಚೂರೂ ಇಲ್ಲ. ಕೊನೇ ವಾರ್ನಿಷ್ ಆಗಿತ್ತು."

ಈಗ ಮುಚ್ಚಳ ಮುಚ್ಚಿದೆ. ಮುಚ್ಚಿಸಬೇಕು ಎಂದವನು ಇವನೇ. ದಫೇದಾರ ಕಣ್ಣಲ್ಲೇ ಕೋಳ ತೊಡಿಸಿದ್ದ. ಆದರೆ ಸಾವು ಆರರಿಂದ ಎಂಟರೊಳಗೆ ಎಂದಿದ್ದರು ಡಾಕ್ಟರು; ಹಿಂದಿನ ಸಂಜೆ ಐದರಿಂದ ಹತ್ತರವರೆಗೆ ಮಾಲೀಕ ಒಂದು ಮದುವೆಯ ಊಟದಲ್ಲಿ ಖುದ್ದಾಗಿ ನಿಂತಿದ್ದ. ಇನ್ನೂರು ಜನ ನೋಡಿದ್ದರು.

"ಹೋಯ್ತು" ಎಂದ ದಫೇದಾರ, ಜೀಪು ಹತ್ತುತ್ತ. "ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ."

* * *

ಅಂಗಡಿ ಇಕ್ಕಟ್ಟಾಗಿತ್ತು. ಅಂಗಡಿಯವನಿಗೆ ಐವತ್ತೈದು. ಕಣ್ಣುಗಳು ಕೆಂಪಾಗಿದ್ದವು. ಅಳು ನಿಜವಾದದ್ದೇ ಎಂದು ಇನ್ಸ್‌ಪೆಕ್ಟರಿಗೆ ಅನ್ನಿಸಿತು.

"ಕೊನೇ ಸಲ ಯಾವಾಗ ನೋಡಿದ್ರಿ?"

"ಹೋದ ತಿಂಗಳು. ಆಮೇಲೆ ಕಾಲುನೋವು. ಫೋನೂ ಮಾಡಲಿಲ್ಲ ಮೇಡಂ, ಅದೇ ಕೊರಗು."

ಒಬ್ಬ ಗಿರಾಕಿ ಕುಂಚ ಕೇಳಿದ. ಅಂಗಡಿಯವನು ಒಂದನ್ನು ತೆಗೆದು, ತುದಿಯನ್ನು ನೀರಲ್ಲಿ ಅದ್ದಿ ತೋರಿಸಿ, ಬಟ್ಟೆಗೆ ಒರೆಸಿ, ಪುಟ್ಟ ಪ್ಲಾಸ್ಟಿಕ್ ಟೋಪಿ ತೊಡಿಸಿದ. ಮಾತಾಡುತ್ತಲೇ, ಕೈ ಕಡೆ ನೋಡದೆಯೇ.

"ಚಿಕ್ಕನ ಕೈಕೆಲಸ ಹೇಗೆ?"

"ಅವನಂಥವನು ಇನ್ನೊಬ್ಬನಿಲ್ಲ. ಬಿಳಿಯಲ್ಲೇ ಹದಿನಾರು ಬಿಳಿ ಗುರುತಿಸ್ತಿದ್ದ. ಮೇಲಿಂದ ತೆಗೆದ ಒಂದೇ ಒಂದು ಫೋಟೋ ನೋಡಿ, ಕಾಣದ್ದನ್ನೆಲ್ಲ ಊಹಿಸಿ ಮಾಡೋದು ಅಂದ್ರೆ ಸಾಮಾನ್ಯವಾ?"

"ಸಾಮಾನ್ಯ ಅಲ್ಲ" ಎಂದಳು ಇನ್ಸ್‌ಪೆಕ್ಟರ್. "ನೀವು ಮೊದಲು ಏರ್‌ಫೀಲ್ಡಿನಲ್ಲಿದ್ರಂತೆ, ಪಕ್ಕದಂಗಡಿಯವರು ಅಂದ್ರು?"

"ಸಾಮಾನು ಹೊರೋ ಕೆಲಸ. ನಾಲ್ಕು ದಿನ." ಅವನು ಗಲ್ಲಾ ಪೆಟ್ಟಿಗೆಯ ಕಡೆ ತಿರುಗಿದ.

ಜೀಪಿನಲ್ಲಿ ದಫೇದಾರ ಮೆಲ್ಲಗೆ ಅಂದ: "ಫೋಟೋ ಬಂದು ಎರಡೇ ವಾರ ಅಂದ್ರಲ್ಲ ಆ ಅಮ್ಮ?"

"ಹೂಂ. ಇವರು ಹೋಗದೆ ಒಂದು ತಿಂಗಳು."

ಮಧ್ಯಾಹ್ನವೆಲ್ಲ ಏರ್‌ಫೀಲ್ಡಿನ ಹಳೇ ಕಡತಗಳ ಕೋಣೆಯಲ್ಲಿ ಕಳೆಯಿತು. ಧೂಳಿಗೆ ದಫೇದಾರ ಹನ್ನೊಂದು ಸಲ ಸೀನಿದ. ಕೊನೆಗೆ ಒಂದು ಹಳದಿ ಹಾಳೆ ಸಿಕ್ಕಿತು: ಅಂದು ಪೆಟ್ರೋಲ್ ಹಾಕಿದವನ ಹೇಳಿಕೆ. "ಅರ್ಧ ಟ್ಯಾಂಕ್ ಸಾಕು ಎಂದು ಪೈಲಟ್ ಹೇಳಿದರು." ಕೆಳಗೆ ಸಹಿ. ಬಾಲ ಗಾಳದಂತೆ ಬಾಗಿತ್ತು.

ಚಿಕ್ಕನ ಡ್ರಾಯರಿನಲ್ಲಿ ಸಿಕ್ಕ ಲಕೋಟೆಯ ಮೇಲೆ ಟೀಚರಮ್ಮನ ವಿಳಾಸವಿತ್ತು. ಅಲ್ಲಿನ ಠಾಣೆಯವರು ಅವರನ್ನು ಫೋನಿಗೆ ಕರೆಸಿದರು.

"ಹೊಸ ಕ್ಯಾಮೆರಾ ಕೊಂಡಿದ್ದೆ. ಆ ವಿಮಾನ ಕಾಣೆಯಾದ ದಿನ, ಅದು ಹೊರಡುವಾಗ, ಏರ್‌ಫೀಲ್ಡಿನ ತಾರಸಿಯಿಂದ ಸುಮ್ಮನೆ ಒಂದು ತೆಗೆದೆ" ಎಂದಿತು ನಡುಗುವ ದನಿ. "ಪ್ರಿಂಟ್ ಕಳೆದುಹೋದ್ರೂ ಚಿಂತೆ ಇಲ್ಲಮ್ಮ. ನೆಗೆಟಿವ್ ನನ್ನ ಹತ್ರಾನೇ ಇದೆ."

* * *

ಮೂರನೆಯ ದಿನ ಸಂಜೆ ನಾಲ್ಕಕ್ಕೆ ಇನ್ಸ್‌ಪೆಕ್ಟರ್ ಅಂಗಡಿಯವನನ್ನು ಹಿತ್ತಲ ಕೋಣೆಗೆ ಕರೆಸಿದಳು. ಅತ್ತಿಗೆ ಕಿಟಕಿಯ ಪಕ್ಕ ನಿಂತರು. ದಫೇದಾರ ಬಾಗಿಲಿಗೆ ಅಡ್ಡವಾದ.

"ಕೂತ್ಕೊಳ್ಳಿ. ಚಿಕ್ಕ ಜಾರಿ ಬಿದ್ದ ಅಂತ ಎಲ್ಲರೂ ಅಂದ್ಕೊಂಡ್ರು. ಬೀಳುವಾಗ ವಾರ್ನಿಷ್ ಸೀಸೆ ಒಡೆದು ನೆಲಕ್ಕೆ ಚೆಲ್ಲಿತು. ಆ ವಾರ್ನಿಷ್ ಮೇಲೆ ಬಿಳಿ ಬಣ್ಣದ ಹನಿ ಬಿದ್ದಿದೆ. ಅಂದ್ರೆ ಅವನು ಬಿದ್ದ ಮೇಲೆ ಇಲ್ಲಿ ಯಾರೋ ಕೂತು ಬಣ್ಣ ಹಚ್ಚಿದ್ದಾರೆ. ಸತ್ತವನು ಎದ್ದು ಹಚ್ಚಲ್ಲ."

ಅಂಗಡಿಯವನು ಕರವಸ್ತ್ರ ತೆಗೆದು ಕುತ್ತಿಗೆ ಒರೆಸಿಕೊಂಡ.

"ಹಚ್ಚಿದ್ದು ಬಲರೆಕ್ಕೆಗೆ. ತೆರೆದಿದ್ದ ಮುಚ್ಚಳ ಕಿತ್ತು, ಬಾಯಿ ಮುಚ್ಚಿ, ಚಿಕ್ಕ ಬೆರೆಸಿಟ್ಟ ಬಿಳಿಯನ್ನೇ ಬಳಿದಿದ್ದಾರೆ. ಒಳ್ಳೇ ಕೈ. ಬಣ್ಣ ಕೂಡಿಕೊಂಡಿದೆ, ಹೊಳಪು ಮಾತ್ರ ಉಳೀತು. ಅದನ್ನ ತೆಗೆಯೋ ವಾರ್ನಿಷ್ ನೆಲದ ಪಾಲಾಗಿತ್ತಲ್ಲ. ಕೆಲಸ ಮುಗಿಸಿ ಕುಂಚ ಒರೆಸಿ ಟೋಪಿ ತೊಡಿಸಿದ್ರು. ಚಿಕ್ಕನ ಒಂದು ಕುಂಚಕ್ಕೂ ಟೋಪಿ ಇಲ್ಲ. ನಿಮ್ಮ ಕೈಗೆ ಆ ಅಭ್ಯಾಸ ಇದೆ."

"ಅಷ್ಟಕ್ಕೇ..."

"ಅಷ್ಟಕ್ಕೇ ಅಲ್ಲ. ಮೇಲಿಂದ ತೆಗೆದ ಫೋಟೋ ಅಂದ್ರಿ. ನೀವು ಈ ಮನೆಗೆ ಬಂದು ಒಂದು ತಿಂಗಳು, ಫೋಟೋ ಬಂದು ಎರಡು ವಾರ. ನೀವು ಬರೋದು ಬಿಟ್ಟದ್ದು ಕಾಲುನೋವಿಗಲ್ಲ. ಚಿಕ್ಕ ಪೇಪರಿನಲ್ಲಿ ಫೋಟೋ ಕೇಳಿದ ದಿನದಿಂದ." ಅವಳು ಹಳದಿ ಹಾಳೆಯನ್ನೂ ಒಂದು ರಟ್ಟಿನ ಡಬ್ಬಿಯನ್ನೂ ಪಕ್ಕಪಕ್ಕ ಇಟ್ಟಳು. ಎರಡು ಸಹಿ. "ಅವತ್ತು ಪೆಟ್ರೋಲ್ ಹಾಕಿದವರು ನೀವು."

ಆಮೇಲೆ ಹೊಸ ಪ್ರಿಂಟನ್ನು ಕ್ಲಿಪ್ಪಿಗೆ ಸಿಕ್ಕಿಸಿದಳು. ತಾರಸಿಯಿಂದ ಕಂಡ ವಿಮಾನ. ಮೂಗಿನ ಫ್ಯಾನು ಮಸುಕಾಗಿ ಸುತ್ತುತ್ತಿದೆ, ಹೊರಡುವ ಗಳಿಗೆ. ಬಲರೆಕ್ಕೆಯ ಮೇಲೆ ಬಾಯಿ ತೆರೆದಿದೆ, ಮುಚ್ಚಳ ಸರಪಳಿಯಲ್ಲಿ ಜೋತಿದೆ.

"ಟ್ಯಾಂಕ್ ತುಂಬಿಸಿದ್ರಿ. ಮುಚ್ಚೋದು ಮರೆತ್ರಿ. ಎರಡು ಟ್ಯಾಂಕಿಗೂ ಒಂದೇ ಕೊಳವೆ. ಹಾರುವಾಗ ಗಾಳಿ ಪೆಟ್ರೋಲನ್ನೆಲ್ಲ ಎಳೆದು ಚೆಲ್ಲಿಬಿಡ್ತು. ಆಮೇಲೆ ಅರ್ಧ ಟ್ಯಾಂಕ್ ಅಂತ ಹೇಳಿಕೆ ಕೊಟ್ರಿ."

ಅಂಗಡಿಯವನು ಫೋಟೋ ನೋಡಲಿಲ್ಲ. ಅತ್ತಿಗೆಯನ್ನೂ ನೋಡಲಿಲ್ಲ.

"ಪೂರ್ತಿ ತುಂಬಿಸಿದ್ದೆ. ಕೆಲಸ ಹೋಗುತ್ತೆ ಅಂತ ಹೆದರಿ ಸುಳ್ಳು ಹೇಳಿದ್ದು" ಎಂದ. "ವರ್ಷ ಆದ ಮೇಲೆ ಕ್ಷಮೆ ಕೇಳೋಣ ಅಂತಲೇ ಈ ಮನೆಗೆ ಬಂದೆ. ಇವರು ತಟ್ಟೆ ಹಾಕಿ ಊಟಕ್ಕೆ ಕೂರಿಸಿದ್ರು. ಬಾಯಿ ಬರಲಿಲ್ಲ. ಮುಂದಿನ ಭಾನುವಾರ ಹೇಳೋಣ ಅಂದ್ಕೊಂಡೆ. ಹಾಗೇ ಇಪ್ಪತ್ತೈದು ವರ್ಷ. ನನಗೆ ಬೇರೆ ಮನೆಯೇ ಇರಲಿಲ್ಲ."

"ಆವತ್ತು ಸಂಜೆ?"

"ಅವನೇ ಫೋನ್ ಮಾಡಿ ಕರೆದ. ಕುಣೀತಿದ್ದ. 'ನೋಡೋ, ಫ್ಯಾನು ಸುತ್ತುತ್ತಿದೆ, ಮುಚ್ಚಳ ತೆರೆದಿದೆ, ಅಣ್ಣ ತುಂಬಿಸಿದ್ದ ಕಣೋ!' ಅಂತ ನನ್ನನ್ನ ತಬ್ಬಿಕೊಂಡ. ನಾಳೆ ಏರ್‌ಫೀಲ್ಡ್ ಆಫೀಸಿಗೆ ಹೋಗಿ ಪೆಟ್ರೋಲ್ ಹಾಕಿದವನ ಹೆಸರು ತರ್ತೀನಿ, ಆಮೇಲೆ ಅತ್ತಿಗೆಗೆ ಹೇಳ್ತೀನಿ ಅಂದ. ಬೇಡ ಬಿಡು ಅಂತ ಕೈಮುಗಿದೆ. ಕೇಳಲಿಲ್ಲ. ಫೋಟೋ ಕಿತ್ಕೊಳ್ಳೋಕೆ ಹೋದೆ, ಅವನು ಬಿಡಲಿಲ್ಲ. ತಳ್ಳಿದೆ. ಅವನಿಗೆ ಕೊನೇವರೆಗೂ ಗೊತ್ತಾಗಲಿಲ್ಲ, ಅದು ನಾನೇ ಅಂತ. ಯಾಕೋ ಹಿಂಗಾಡ್ತಿ ಅಂತಲೇ ಕೇಳ್ತಿದ್ದ."

ದಫೇದಾರ ಅವನ ತೋಳು ಹಿಡಿದ.

* * *

ಅಂಗಡಿಯವನನ್ನು ಕರೆದೊಯ್ದ ಜೀಪಿನ ಸದ್ದು ಬೀದಿಯ ತಿರುವಿನಲ್ಲಿ ಕರಗಿತು; ಇನ್ಸ್‌ಪೆಕ್ಟರ್ ಹಿಂದೆ ಉಳಿದಿದ್ದಳು. ಅತ್ತಿಗೆ ನಿಧಾನವಾಗಿ ಬಂದು ಫೋಟೋದ ಮುಂದೆ ನಿಂತರು. ಪೈಲಟ್ಟಿನ ಕಿಟಕಿಯಲ್ಲಿ ಒಂದು ಮೊಣಕೈ ಕಾಣುತ್ತಿತ್ತು. ಮಡಚಿದ ಬಿಳಿ ತೋಳು. ಅಷ್ಟೇ.

"ಹಾಗಾದ್ರೆ ಅವರು ತುಂಬಿಸಿದ್ರು."

"ತುಂಬಿಸಿದ್ರು. ಪೂರ್ತಿ."

"ಅವತ್ತು ನನಗೆ ಜ್ವರ ಇತ್ತು." ಅತ್ತಿಗೆಯ ಮಾತು ಗೋಡೆಗೆ ಹೇಳಿದಂತಿತ್ತು. "ಬೇಗ ಬನ್ನಿ ಅಂದಿದ್ದೆ. ಒಂದು ಸಲ ಅಲ್ಲ, ಗೇಟಿನವರೆಗೂ ಹೋಗಿ ಮತ್ತೆ ಅಂದಿದ್ದೆ. ನನ್ನ ಮಾತಿಗೆ ಅವಸರ ಮಾಡಿ, ತುಂಬಿಸದೆ ಹೊರಟ್ರು ಅಂತ... ಇಪ್ಪತ್ತಾರು ವರ್ಷ ಯಾರಿಗೂ ಹೇಳಲಿಲ್ಲ. ಚಿಕ್ಕನಿಗೂ ಹೇಳಲಿಲ್ಲ. ಅವರ ಹೆಸರೆತ್ತಿದ್ರೆ ಎದ್ದು ಹೋಗ್ತಿದ್ದೆ. ಪಾಪ, ಅವನಿಗೆ ಅಣ್ಣನ ಬಗ್ಗೆ ಮಾತಾಡೋಕೆ ಎಷ್ಟು ಆಸೆ ಇತ್ತೋ. ಒಬ್ಬನೇ ಕೂತು ವಿಮಾನ ಕಟ್ಟಿದ."

ಇನ್ಸ್‌ಪೆಕ್ಟರ್ ಹಳದಿ ಹಾಳೆಯನ್ನು ಕಡತಕ್ಕೆ ಸೇರಿಸಿದಳು. ಬರೆಯಬೇಕಾದ ವರದಿ ರಾಶಿ ಇತ್ತು. ಅವಳು ಬಾಗಿಲ ಕಡೆ ಹೆಜ್ಜೆ ಇಟ್ಟಳು.

"ಹೋಗಲೇಬೇಕಾ?" ಅತ್ತಿಗೆ ಕೇಳಿದರು. "ಸ್ವಲ್ಪ ಹೊತ್ತು ಕೂತಿರಿ. ಅವರ ವಿಷಯ ಮಾತಾಡಿ ಬಹಳ ದಿನ ಆಯ್ತು."

ಇನ್ಸ್‌ಪೆಕ್ಟರ್ ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡು ಕೂತಳು.

ಅತ್ತಿಗೆ ಉರುಳಿದ್ದ ಸ್ಟೂಲನ್ನು ಎತ್ತಿ ನಿಲ್ಲಿಸಿ, ಎದುರಿಗೆ ಕೂತರು.

"ಮೆಟ್ಟಿಲು ಎರಡೆರಡು ಹಾರಿಕೊಂಡು ಬರೋರು" ಎಂದರು. "ಮೇಲೆ ಬಂದ ಮೇಲೆ, ಸುಸ್ತೇ ಆಗಿಲ್ಲ ಅನ್ನೋ ಥರ ನಿಂತ್ಕೊಳ್ಳೋರು. ಉಸಿರು ಮಾತ್ರ ನನಗೆ ಕೇಳಿಸ್ತಿತ್ತು."