ಕಂಬದಹಾಳದ ಹದಿನಾರನೇ ಕಂಬ

2003ನೇ ಇಸವಿ ಫೆಬ್ರವರಿ 17, ಸೋಮವಾರ. ಬೆಳಿಗ್ಗೆ 10 ಗಂಟೆ 20 ನಿಮಿಷಕ್ಕೆ ಚಿತ್ತಾಪುರ ಠಾಣೆಯ ಮೆಟ್ಟಿಲು ಹತ್ತಿ ಬಂದ ಐವತ್ತರ ಹೆಂಗಸೊಬ್ಬಳು ಕಂಬ ಕಳವಾಗಿದೆ ಎಂದಳು. ಹೆಡ್ ಕಾನ್‌ಸ್ಟೆಬಲ್ ವಿಠೋಬಾ ಹಾಳೆಯ ಮೇಲೆ ಪೆನ್ನಿಟ್ಟು, ಲೈಟಿನ ಕಂಬವೋ ಟೆಲಿಫೋನಿನದೋ ಎಂದು ಕೇಳಿದ.

"ಗುಡಿ ಕಂಬ್ರಿ, ಕಲ್ಲಿಂದು."

ವಿಠೋಬಾ ಪೆನ್ನು ಎತ್ತಿದ. ಇಪ್ಪತ್ತೊಂದು ವರ್ಷದ ನೌಕರಿಯಲ್ಲಿ ಅವನು ಎಮ್ಮೆ, ಪಂಪ್‌ಸೆಟ್ಟು, ಒಮ್ಮೆ ಮದುವೆ ಮನೆಯ ತಾಮ್ರದ ಹಂಡೆ ಇವೆಲ್ಲದರ ಕಳವಿನ ದೂರು ಬರೆದಿದ್ದ. ಗುಡಿಯ ಕಂಬವನ್ನೇ ಹೊತ್ತುಕೊಂಡು ಹೋದ ಪುಣ್ಯಾತ್ಮನ ಸುದ್ದಿ ಕೇಳಿದ್ದು ಅಂದೇ.

"ಕಂಬ ಒಯ್ದ್ರ ಮ್ಯಾಲಿನ ಚಾವಣಿ ಬೀಳಲಿಲ್ಲೇನು?"

"ಇಲ್ರಿ. ಬ್ಯಾರೆ ಕಂಬ ನಿಲ್ಲಿಸಿ ಹೋಗ್ಯಾರ್ರಿ."

ಹೆಂಗಸಿನ ಹೆಸರು ಮಾಳಮ್ಮ. ಕಾಗಿಣಾ ನದಿಯ ದಂಡೆಯ ಕಂಬದಹಾಳ ಎಂಬ ಊರಿನ ಹಳೇ ಗುಡಿಯನ್ನು ಗುಡಿಸಿ ಕಾಯುವ ದಿನಗೂಲಿ ಕೆಲಸ ಅವಳದು. ಮಗಳ ಬಾಣಂತನಕ್ಕೆಂದು ಗುರುವಾರ ನಾಲವಾರಕ್ಕೆ ಹೋದವಳು ಭಾನುವಾರ ಸಂಜೆಯ ರೈಲಿಗೆ ಮರಳಿದ್ದಳು. ಸೋಮವಾರ ಬೆಳಿಗ್ಗೆ ಕಸಬರಿಗೆ ಹಿಡಿದು ಒಳಗೆ ಹೋದರೆ ಹದಿನಾರರಲ್ಲಿ ಒಂದು ಕಂಬ ಇರಲಿಲ್ಲ. ಊರಲ್ಲಿ ಯಾರನ್ನೂ ಕೇಳದೆ ನೇರ ಠಾಣೆಗೆ ಬಂದಿದ್ದಳು.

ಪಿಎಸ್‌ಐ ನಂದಕಿಶೋರ್ ಒಳಗಿನಿಂದ ಎದ್ದು ಬಂದರು. ಸೇಡಂ ಕಡೆಯ ಮಾಸ್ತರರ ಮಗ, ಇಪ್ಪತ್ತೊಂಬತ್ತರ ವಯಸ್ಸು, ಮಾತು ಕಡಿಮೆ. ಗುಡಿಯನ್ನು ನೋಡಿಕೊಳ್ಳುವ ಇಲಾಖೆಗೆ ಫೋನ್ ಮಾಡಿದರೆ ಆ ಕಡೆಯ ಅಧಿಕಾರಿ, ಬೇಲಿಯೇ ಎದ್ದು ಹೊಲ ಮೇಯ್ದಿರಬೇಕು, ಮೊದಲು ಆ ಮುದುಕಿಯನ್ನು ಹಿಡಿಯಿರಿ ಎಂದರು. ಕಂಬ ಇಡಿಯಾಗಿ ಸಿಗದಿದ್ದರೆ ಅವಳ ಕೆಲಸ ಹೋಯಿತೆಂದೇ ತಿಳಿಯಿರಿ ಎಂದೂ ಸೇರಿಸಿದರು. ಮಾಳಮ್ಮನಿಗೆ ಅದನ್ನು ಯಾರೂ ಹೇಳಲಿಲ್ಲ, ಆದರೆ ಫೋನ್ ಇಟ್ಟ ಸಾಹೇಬರ ಮುಖ ನೋಡಿಯೇ ಅವಳಿಗೆ ತಿಳಿದುಹೋಯಿತು.

11 ಗಂಟೆ 5 ನಿಮಿಷಕ್ಕೆ ಎಫ್‌ಐಆರ್ ದಾಖಲಾಯಿತು. ಕಳವಿನ ಕಲಂ 379, ಜೊತೆಗೆ ಪ್ರಾಚೀನ ಸ್ಮಾರಕಗಳ ಕಾಯ್ದೆ. ಮಧ್ಯಾಹ್ನದ ಹೊತ್ತಿಗೆ ಜೀಪು ಕಂಬದಹಾಳ ಮುಟ್ಟಿತು.

ಹೊರಗಿನಿಂದ ನೋಡಿದರೆ ಆ ಗುಡಿ ಏನೇನೂ ಅಲ್ಲ. ಗೋಪುರ ಎಂದೋ ಬಿದ್ದಿದೆ, ಮೇಲೆ ಹುಲ್ಲು ಬೆಳೆದಿದೆ. ತಲೆ ಬಗ್ಗಿಸಿ ಒಳಗೆ ಕಾಲಿಟ್ಟ ವಿಠೋಬಾ ಮಾತ್ರ ನಿಂತಲ್ಲೇ ನಿಂತ. ಕರಿಕಲ್ಲಿನ ಕಂಬಗಳು ಸಾಲಾಗಿ ನಿಂತಿದ್ದವು. ಒಂದೊಂದೂ ಕುಂಬಾರನ ತಿಗರಿಯ ಮೇಲಿಂದ ಈಗಷ್ಟೇ ಇಳಿಸಿದ ಮಡಕೆಯ ಹಾಗೆ ದುಂಡಗೆ, ಬಳೆ ಬಳೆಯಾಗಿ. ಮೈ ಎಷ್ಟು ನುಣುಪೆಂದರೆ ತನ್ನ ಟೋಪಿಯ ನೆರಳು ಅದರಲ್ಲಿ ಕಾಣುತ್ತಿತ್ತು. ಇಷ್ಟು ಹತ್ತಿರದ ಊರಿನಲ್ಲಿ ಇಂಥದ್ದು ಇದ್ದೂ ತಾನು ಒಮ್ಮೆಯೂ ಬಂದು ನೋಡಲಿಲ್ಲವಲ್ಲ ಎಂದು ಅವನಿಗೆ ನಾಚಿಕೆಯಾಯಿತು. ಸಾಹೇಬರೂ ಬೂಟು ಬಿಚ್ಚಿ ಬಾಗಿಲ ಹೊರಗಿಟ್ಟು ಬಂದರು.

ಈಶಾನ್ಯದ ಮೂಲೆಯಲ್ಲಿ ಕಂಬವಿದ್ದ ಜಾಗದಲ್ಲಿ ಶಹಾಬಾದಿನ ಪರ್ಸಿಗಳನ್ನು, ಅಂದರೆ ನೆಲಕ್ಕೆ ಹಾಸುವ ಚಪ್ಪಟೆ ಕಲ್ಲುಗಳನ್ನು, ಒಂದರ ಮೇಲೊಂದು ಪೇರಿಸಿ ತೊಲೆಗೆ ಆನಿಸಿದ್ದರು. ಸಿಮೆಂಟಿಲ್ಲ, ಗಾರೆಯಿಲ್ಲ. ನಂದಕಿಶೋರ್ ಭುಜ ಕೊಟ್ಟು ನೂಕಿದರು, ಅಲುಗಲಿಲ್ಲ. ತೊಲೆಯಲ್ಲಿ ಕೂದಲೆಳೆಯಷ್ಟೂ ಬಿರುಕಿರಲಿಲ್ಲ. ತೊಲೆಯ ಸಂದಿಯಲ್ಲಿ ಗುಬ್ಬಿಯ ಗೂಡೊಂದಿತ್ತು, ಒಳಗೆ ಮರಿಗಳು ಚೀಂವ್ ಚೀಂವ್ ಎನ್ನುತ್ತಿದ್ದವು.

"ಗೂಡು ಸೈತ ಅಲುಗಿಲ್ಲ ನೋಡ್ರಿ ವಿಠೋಬಾ," ಎಂದರು ನಂದಕಿಶೋರ್. "ಇಂವ ಎಂಥಾ ಕಳ್ಳರೀ?"

ಪಂಚನಾಮೆಗೆಂದು ಊರಿನ ಇಬ್ಬರನ್ನು ಕರೆಸಿದರು. ಅವರಲ್ಲಿ ಹಿರಿಯವನಾದ ರೈತ ಬಂದವನೇ ಹೊಸ ಕಂಬವನ್ನು ಮೆಚ್ಚಿಕೊಂಡು ತಟ್ಟಿದ.

"ಕೆಲಸ ಪಕ್ಕಾ ಆಗ್ಯಾದ ಬಿಡ್ರಿ."

"ಯಾವ ಕೆಲಸ?"

"ರಿಪೇರಿರಿ, ಸರ್ಕಾರದ್ದು. ಗುರುವಾರ ಟ್ರ್ಯಾಕ್ಟರ್ ತಂದ್ರು, ಜ್ಯಾಕ್ ಹಚ್ಚಿ ತೊಲಿ ಎತ್ತಿದ್ರು. ಶುಕ್ರವಾರ ಕಂಬ ಇಳಿಸಿದ್ರು. ಶನಿವಾರ ಪರ್ಸಿ ಏರಿಸಿದ್ರು."

"ನೀ ನೋಡ್ಕೋತ ನಿಂತಿದ್ದಿ?"

"ಛೇ ಛೇ, ಹಗ್ಗ ಹಿಡದವನೇ ನಾ ಸಾಹೇಬ್ರ! ನಮ್ಮ ಮನಿಯಾಕಿ ಮೂರು ದಿನಾ ಚಾ ಕೊಟ್ಟಾಳ."

ನಂದಕಿಶೋರ್ ತಲೆಯ ಮೇಲೆ ಕೈ ಹೊತ್ತು ಮೆಟ್ಟಿಲ ಮೇಲೆ ಕುಳಿತರು. ಊರಿಗೆ ಊರೇ ನಿಂತು, ಚಹಾ ಕುಡಿಸಿ, ತನ್ನ ಗುಡಿಯ ಕಂಬವನ್ನು ಕಳ್ಳನ ಗಾಡಿಗೆ ಏರಿಸಿ ಕಳಿಸಿತ್ತು. ಕಳ್ಳ ಕೆಡವಲಿಕ್ಕೆ ಬರುತ್ತಾನೆಂದು ಎಲ್ಲರಿಗೂ ಗೊತ್ತು. ಇಷ್ಟು ಚಂದ ಕಟ್ಟಿ ಹೋಗುವವನು ಸರ್ಕಾರದವನೇ ಇರಬೇಕೆಂದು ಪಾಪ, ಅವರು ನಂಬಿದ್ದರು. ಮುಂದಾಳಿನ ಗುರುತು ಕೇಳಿದರೆ, ಎಪ್ಪತ್ತರ ಹತ್ತಿರದ ಮುದುಕ, ಭಾಳ ಕೆಮ್ಮುತ್ತಿದ್ದ ಎಂದಷ್ಟೇ ಹೇಳಿದರು.

ವಿಠೋಬಾ ಅಷ್ಟರಲ್ಲಿ ಪರ್ಸಿಗಳನ್ನು ಕೆಳಗಿನಿಂದ ಎಣಿಸುತ್ತಿದ್ದ. ಆರು ಪರ್ಸಿ ನೇರ, ಏಳನೆಯದು ಅಡ್ಡ. ಮತ್ತೆ ಆರು ನೇರ, ಒಂದು ಅಡ್ಡ. ಅಡ್ಡ ಇಟ್ಟದ್ದು ಎರಡೂ ಕಡೆ ಎರಡೆರಡು ಬೆರಳು ಹೊರಗೆ ಚಾಚಿತ್ತು. ಎಣಿಸುತ್ತಿದ್ದ ಅವನ ಕೈ ನಿಂತಿತು.

ಶಹಾಬಾದಿನ ಗಣಿಗಳಲ್ಲಿ ಹಾಗೆ ಪೇರಿಸುತ್ತಿದ್ದದ್ದು ಒಂದೇ ಒಂದು ಗುಂಪು. ಪರ್ಸಿ ಎತ್ತುವವನ ಬೆರಳು ಜಜ್ಜಬಾರದು, ಅಡಿಯಲ್ಲಿ ಕೈ ತೂರಲು ಜಾಗ ಇರಬೇಕು ಎಂದು ಅದರ ಮೇಸ್ತ್ರಿ ರಾಮಲಿಂಗ ಮಾಡಿಕೊಂಡಿದ್ದ ಪದ್ಧತಿ ಅದು. ಆ ಗುಂಪಿನಲ್ಲಿ ವಿಠೋಬಾನ ಅಪ್ಪ ದುಡಿದಿದ್ದ, ಅಲ್ಲಿಯೇ ಬಂಡೆ ಜಾರಿ ಸತ್ತಿದ್ದ. ಹನ್ನೊಂದು ವರ್ಷದ ವಿಠೋಬಾನನ್ನು ಅವ್ವ ಗಣಿಗೆ ಕರೆತಂದಾಗ, ಇವನ ಕೈಗೆ ಸುತ್ತಿಗೆ ಕೊಡೂದಿಲ್ಲ, ಸಾಲಿಗೆ ಕಳಸು ಎಂದು ಗದರಿಸಿ ಹಿಂದಕ್ಕೆ ಅಟ್ಟಿದವನು ರಾಮಲಿಂಗ. ಪುಸ್ತಕ, ಅಂಗಿ ಎಲ್ಲ ಅವನೇ ಕೊಡಿಸಿದ್ದ.

ಪಂಚನಾಮೆಯಲ್ಲಿ ವಿಠೋಬಾ ಪರ್ಸಿಗಳ ಸಂಖ್ಯೆ ಬರೆದ, ಎತ್ತರ ಬರೆದ. ಅಡ್ಡ ಪರ್ಸಿಯ ಸುದ್ದಿ ಬರೆಯಲಿಲ್ಲ. ಬರೆಯದಿದ್ದರೆ ಸಾಹೇಬರಿಗೆ ಅದು ಎಂದೂ ತಿಳಿಯುವುದಿಲ್ಲ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಹೊರಗೆ ಮಾಳಮ್ಮ ಬೇವಿನ ಗಿಡದ ಕೆಳಗೆ ಕುಳಿತು ನೆಲ ನೋಡುತ್ತಿದ್ದಳು. ಕದ್ದವನ ಋಣ ತನ್ನ ಮೇಲಿದೆ, ಶಿಕ್ಷೆ ಮಾತ್ರ ಇವಳ ತಲೆಗೆ. ವಿಠೋಬಾನಿಗೆ ತನ್ನ ಮೇಲೆಯೇ ಸಿಟ್ಟು ಬಂತು. ಜೀಪು ಹತ್ತುವ ಮೊದಲು ಸಾಹೇಬರನ್ನು ಪಕ್ಕಕ್ಕೆ ಕರೆದು ಎಲ್ಲವನ್ನೂ ಹೇಳಿಬಿಟ್ಟ.

ನಂದಕಿಶೋರ್ ಅವನ ಕೈಯಲ್ಲಿದ್ದ ಹಾಳೆಯತ್ತ ಬೆರಳು ತೋರಿದರು. "ಪಂಚನಾಮೆದಾಗ ಅದನ್ನೂ ಸೇರಿಸ್ರಿ. ಮೊದಲ ಟ್ರ್ಯಾಕ್ಟರ್ ಹುಡುಕೋಣ," ಎಂದರು.

ಫೆಬ್ರವರಿ 18, ಬೆಳಿಗ್ಗೆ 9.30. ವಾಡಿಯಲ್ಲಿ ಟ್ರ್ಯಾಕ್ಟರ್ ಬಾಡಿಗೆಗೆ ಬಿಡುವವರನ್ನು ವಿಚಾರಿಸುತ್ತ ಹೋದರೆ ಮೂರನೆಯವನಾದ ಹಾಜಿಮಲಂಗ್ ತಾನಾಗಿಯೇ ಒಪ್ಪಿಕೊಂಡ.

"ಹೌದ್ರಿ, ನಾನೇ ಒಯ್ದೀನಿ. ಮ್ಯೂಜಿಯಮ್ಮಿಂದು ಅಂದ್ರು."

"ಎಲ್ಲಿಗೆ ಒಯ್ದಿ?"

"ಶಹಾಬಾದಿನ ಹಳೇ ಖಣಿಗ್ರಿ. ಆ ಅಜ್ಜ ಟ್ರಾಲ್ಯಾಗ ನಾಕು ಗಾದಿ ಹಾಸಿಸಿದ. ತಾ ಟ್ರಾಲಿ ಮುಂದ ನಡಕೋತ ಬಂದ, ಹಾದ್ಯಾಗಿನ ಕಲ್ಲು ಒಂದೊಂದೇ ಆರಿಸಿ ಒಗೀತಿದ್ದ. ಮದಲಗಿತ್ತಿನ್ನ ಕರಕೊಂಡು ಬಂದಂಗ ಬಂದೀವ್ರಿ, ಇಡೀ ದಿನಾ ಹಿಡೀತು."

ಗಾದಿಯ ಮಾತು ಕೇಳಿ ವಿಠೋಬಾನ ಎದೆ ಸ್ವಲ್ಪ ಹಗುರಾಯಿತು. ಕಂಬ ಒಡೆದಿಲ್ಲ, ಗಡಿ ದಾಟಿ ಹೈದರಾಬಾದಿಗೂ ಹೋಗಿಲ್ಲ.

12 ಗಂಟೆ 15 ನಿಮಿಷಕ್ಕೆ ಅವರು ಕೆಲಸ ನಿಂತುಹೋದ ಆ ಗಣಿಯನ್ನು ಮುಟ್ಟಿದರು. ತಗಡಿನ ಕೊಟ್ಟಿಗೆಯೊಳಗೆ ಉಸುಕಿನ ಹಾಸಿಗೆಯ ಮೇಲೆ ಕಂಬ ಮಲಗಿತ್ತು, ಒಂದು ಗೀರೂ ಆಗಿರಲಿಲ್ಲ. ಪಕ್ಕದಲ್ಲಿ ಒಡೆದ ಕಲ್ಲಿನ ರಾಶಿ. ಪರ್ಸಿ ಕಲ್ಲನ್ನು ದುಂಡಗೆ ಮಾಡಹೋಗಿ ಅದು ಪದರು ಪದರಾಗಿ ಸೀಳಿದ ಚೂರುಗಳು ಅವು, ವರ್ಷಗಟ್ಟಲೆಯ ಸೋಲು. ಅದರ ನಡುವೆ ಕುಳಿತಿದ್ದ ರಾಮಲಿಂಗ ಖಾಕಿ ನೋಡಿ ಏಳಹೋದ, ಕೆಮ್ಮು ಏಳಗೊಡಲಿಲ್ಲ.

"ಕುಂದ್ರು, ಕುಂದ್ರು," ಎಂದರು ನಂದಕಿಶೋರ್. "ಕಂಬ ನೀನೇ ತಂದ್ಯಾ?"

"ಹೌದ್ರಿ."

"ಜೋಡಿ ಯಾರಿದ್ರು?"

"ನಾಕು ಮಂದಿ ಆಳು. ಅವರಿಗೂ ಸರ್ಕಾರಿ ಕೆಲಸ ಅಂತ ಸುಳ್ಳು ಹೇಳೀನ್ರಿ. ತಪ್ಪು ನಂದೊಬ್ಬಂದೇ."

"ಯಾರಿಗೆ ಮಾರಲಿಕ್ಕೆ ತಂದಿದ್ದಿ?"

ಮುದುಕ ಬೆಚ್ಚಿ ಮುಖ ಎತ್ತಿದ. "ಮಾರಲಿಕ್ಕ? ನೋಡಲಿಕ್ಕ ತಂದೀನ್ರಿ."

"ಗುಡ್ಯಾಗ ನಿಂತೇ ನೋಡಬಹುದಿತ್ತಲ್ಲ?"

"ನಿಂತ ಕಂಬದ ತಳ ಕಾಣೂದಿಲ್ರಿ ಸಾಹೇಬ್ರ."

ಆಮೇಲೆ ಅವನು ಕೆಮ್ಮಿನ ನಡುವೆ ನಿಧಾನವಾಗಿ ಹೇಳಿದ. "ಹದಿಮೂರು ವರ್ಷದವಿದ್ದಾಗ ಆ ಗುಡಿ ನೋಡಿದ್ದೆ. ಆವಾಗಿಂದ ಐವತ್ತೈದು ವರ್ಷ ಚಪ್ಪಟಿ ಕಲ್ಲೇ ಎಬ್ಬಿಸೀನಿ. ಕಲ್ಲಿನ ಜಾತಿ ನಾ ಬಲ್ಲೆ ಅಂತ ಮಂದಿ ಅಂತಾರ. ಆ ಕಂಬದ ಮುಂದ ನಿಂತ್ರ ನಾ ಏನೂ ಬಲ್ಲವನಲ್ಲ. ಇಷ್ಟು ದುಂಡಗ ಹ್ಯಾಂಗ ಮಾಡಿದ್ರು? ಉಳಿ ಹಿಡದ ಮನಷ್ಯಾ ಕಲ್ಲಿನ ಸುತ್ತ ತಿರಗಿದ್ನೋ, ಕಲ್ಲನ್ನೇ ತಿರಗಿಸಿದ್ರೋ? ಓದಿದವರ್ನ ಕೇಳಿದ್ರ ಒಬ್ಬೊಬ್ರು ಒಂದೊಂದು ಹೇಳಿದ್ರು. ಕಲ್ಲು ತಿರಗಿದ್ದು ಖರೇ ಇದ್ರ ತಳದಾಗ ಅದರ ಗುರ್ತು ಇರಲೇಬೇಕು. ಗುಲಬರ್ಗಾದ ಡಾಕ್ಟರ್ರು ಎದಿ ತುಂಬ ಕಲ್ಲಿನ ಪುಡಿ ಅದ, ಬ್ಯಾಸಗಿ ದಾಟೂದು ಕಷ್ಟ ಅಂದ್ರು. ನೋಡ್ದೇ ಸಾಯೂದು ಹ್ಯಾಂಗ್ರಿ? ನಾಳಿದ್ದು ಗುರುವಾರ ಒಯ್ದು ನಿಲ್ಲಸವನಿದ್ದೆ."

"ವಾಪಸ್ ಇಟ್ರೂ ಗುನ್ನೆ ಗುನ್ನೆನೇ," ಎಂದರು ನಂದಕಿಶೋರ್. ಆಮೇಲೆ ತಾವೇ ತಡೆಯಲಾರದೆ ಕೇಳಿದರು, "ಮತ್ತ, ಗುರ್ತು ಸಿಕ್ತೇನು?"

ರಾಮಲಿಂಗ ಕೈ ಮಾಡಿ ತೋರಿಸಿದ. ಕಂಬದ ತಳದ ನಟ್ಟನಡುವೆ ಹೆಬ್ಬೆರಳು ಹಿಡಿಯುವಷ್ಟು ಒಂದು ಕುಳಿ ಇತ್ತು. ತಳವೆಲ್ಲ ಒರಟು, ಆ ಕುಳಿಯ ಒಳಗೆ ಮಾತ್ರ ನುಣುಪು. ನಂದಕಿಶೋರ್ ಮೊಣಕಾಲೂರಿ ಬೆರಳು ಇಟ್ಟರು, ಬಹಳ ಹೊತ್ತು ತೆಗೆಯಲಿಲ್ಲ. ಅವರ ಬಳಿಕ ವಿಠೋಬಾ ಇಟ್ಟ. ಇಷ್ಟು ಭಾರದ ಕಲ್ಲು ಇಷ್ಟೇ ಜಾಗದ ಮೇಲೆ ಗರಗರ ತಿರುಗಿದೆ. ಅದನ್ನು ತಿರುಗಿಸಿದವರು ಈ ಕುಳಿಯನ್ನು ನೆಲಕ್ಕೆ ಮುಖ ಮಾಡಿ ಮುಚ್ಚಿ, ಹೆಸರು ಕೂಡ ಬರೆಯದೆ ಹೋಗಿದ್ದಾರೆ.

"ಕಲ್ಲೇ ತಿರಗ್ಯಾದ ನೋಡು ವಿಠ್ಯಾ," ಎಂದ ರಾಮಲಿಂಗ. ಅವನ ಕಣ್ಣಲ್ಲಿ ನೀರಿತ್ತು, ಬಾಯಿ ನಗುತ್ತಿತ್ತು. "ಎಂಥಾ ಮಂದಿ ಇದ್ದಿರಬೇಕು ಅವರು!"

ಜಪ್ತಿ ಪಂಚನಾಮೆ ಶುರುವಾಯಿತು. ಉದ್ದ, ಸುತ್ತಳತೆ, ಬಣ್ಣ. ಆರೋಪಿಯ ಹೆಸರು ಬರೆಯುವಲ್ಲಿ ವಿಠೋಬಾ ನಿಂತ. "ಸರ್, ಇದೊಂದು ಬ್ಯಾರೆಯವರ ಕಡಿಂದ ಬರಸ್ರಿ," ಎಂದ.

ಸಾಹೇಬರು ಉತ್ತರ ಕೊಡುವ ಮೊದಲೇ ರಾಮಲಿಂಗ ಗದರಿದ. "ಯಾಕ? ಕೈಯಾಗ ಪೆನ್ನು ಬಂದದ್ದು ಇಂಥಾದಕ್ಕಽ. ತಪ್ಪಿಲ್ದಂಗ ಬರಿ. ಆ ಮಾಳಮ್ಮ ಊರಾಗಿಲ್ಲದ್ದು ನೋಡೇ ಹೋಗಿದ್ದೆ, ಆಕಿಗೆ ಏನೂ ಗೊತ್ತಿದ್ದಿಲ್ಲ ಅಂತ ಮೊದಲ ಬರಿ."

ವಿಠೋಬಾ ಬರೆದ. 2 ಗಂಟೆ 40 ನಿಮಿಷಕ್ಕೆ ರಾಮಲಿಂಗನನ್ನು ಬಂಧಿಸಲಾಯಿತು. ಬೇಡಿ ಹಾಕಲಿಲ್ಲ. ವಿಠೋಬಾ ತೋಳು ಹಿಡಿದು ಜೀಪಿಗೆ ಹತ್ತಿಸಿ, "ಹುಷಾರ್, ಕಾಕಾ," ಎಂದ. ಸರ್ಕಾರಿ ಜೀಪಿನಲ್ಲಿ ಆರೋಪಿಯನ್ನು ಹಾಗೆ ಕರೆಯಬಾರದೆಂದು ಸಾಹೇಬರು ಅಂದು ನೆನಪಿಸಲಿಲ್ಲ.

ದೋಷಾರೋಪ ಪಟ್ಟಿಯಲ್ಲಿ ಕಳವಿನ ಉದ್ದೇಶ ಎಂಬಲ್ಲಿ ವಿಠೋಬಾ, ಕಂಬವನ್ನು ಹೇಗೆ ಮಾಡಿದರೆಂದು ತಿಳಿಯುವ ಸಲುವಾಗಿ ಎಂದು ಬರೆದ. ಸರಿಯಾದ ಉದ್ದೇಶ ನಮೂದಿಸಿ ಎಂಬ ಷರಾ ಹೊತ್ತು ಕಡತ ಮೇಲಿನ ಕಚೇರಿಯಿಂದ ಎರಡು ಬಾರಿ ವಾಪಸ್ಸು ಬಂತು. ಅಷ್ಟರಲ್ಲಿ ಇಲಾಖೆಯವರು ಕಂಬವನ್ನು ಗುಡಿಗೆ ಒಯ್ದು ನಿಲ್ಲಿಸಿದ್ದರು, ಮಾಳಮ್ಮ ಮೊದಲಿನಂತೆ ಅದರ ಬುಡ ಗುಡಿಸುತ್ತಿದ್ದಳು, ತಳ ಇನ್ನು ಯಾರ ಕಣ್ಣಿಗೂ ಬೀಳುವಂತಿರಲಿಲ್ಲ. ಬೇಸಿಗೆ ದಾಟದೆ ಆಸ್ಪತ್ರೆಯಲ್ಲಿ ರಾಮಲಿಂಗ ತೀರಿಕೊಂಡಿದ್ದ. ಮೂರನೆಯ ಸಲವೂ ವಿಠೋಬಾ ಬರೆದದ್ದರಲ್ಲಿ ನಂದಕಿಶೋರ್ ಒಂದಕ್ಷರವನ್ನೂ ಬದಲಿಸಲಿಲ್ಲ. ಜಪ್ತಿಯ ದಿನ ತಗಡಿನ ಕೊಟ್ಟಿಗೆಯಲ್ಲಿ ತೆಗೆಸಿದ್ದ, ಕಂಬದ ತಳದ ಫೋಟೊ ಒಂದನ್ನು ಆ ಸಾಲಿನ ಪಕ್ಕ ಪಿನ್ನು ಮಾಡಿ ಕಳಿಸಿದರು. ಕಡತ ಮತ್ತೆ ವಾಪಸ್ಸು ಬರಲಿಲ್ಲ.